ಉದಾಹರಣೆಗೆ ಹೋದ ಮನೆ

ಹೆಂಡತಿಯ ಜೊತೆ ಜಗಳವಾಡಿ ಮನೆ ಬಿಟ್ಟವರನ್ನು ನೀವು ನೋಡಿರಬಹುದು. ಬಾಡಿಗೆ ಕಟ್ಟಲಾರದೆ ಬಿಟ್ಟವರೂ ಇದ್ದಾರೆ. ಆದರೆ ಒಂದು ಇಂಗ್ಲಿಷ್ ಕ್ರಿಯಾಪದಕ್ಕೆ ಅರ್ಥ ಬರೆಯಲು ಹೋಗಿ, ಇದ್ದ ಒಳ್ಳೆಯ ಬಾಡಿಗೆ ಮನೆಯನ್ನು ಕಳೆದುಕೊಂಡ ಗಂಡಸು ನಾನೊಬ್ಬನೇ ಇರಬೇಕು. ಈ ಕೀರ್ತಿ ಯಾರಿಗಾದರೂ ಬೇಕಿದ್ದರೆ ಪುಕ್ಕಟೆ ಕೊಟ್ಟುಬಿಡುತ್ತೇನೆ.

ನಾನು ನಿಘಂಟು ಕಚೇರಿಯಲ್ಲಿ ಕೆಲಸ ಮಾಡುವವನು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ, ಕೆಳಗೆ ಒಂದು ಉದಾಹರಣೆ ವಾಕ್ಯ. ಅರ್ಥ ಬರೆಯುವುದು ಯಾರಿಗಾದರೂ ಬರುತ್ತದೆ. ಉದಾಹರಣೆ ಬರೆಯಲು ಎದೆಗಾರಿಕೆ ಬೇಕು. ಬಾಯಲ್ಲಿ ಆಡಿ ನೋಡದ ವಾಕ್ಯಕ್ಕೆ ಜೀವವಿರುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಹಾಗಾಗಿ ನಾನು ಎದ್ದು ನಿಂತು, ಆ ಮಾತನ್ನು ಆಡುವ ಮನುಷ್ಯನೇ ಆಗಿ, ಅದೇ ಧಾಟಿಯಲ್ಲಿ ಗಟ್ಟಿಯಾಗಿ ಹೇಳಿ ನೋಡುತ್ತೇನೆ. ‘ಬೆದರಿಸು’ ಪದದ ದಿನ ನಮ್ಮ ಟೈಪಿಸ್ಟು ಅರ್ಧ ದಿನ ರಜೆ ಹಾಕಿ ಮನೆಗೆ ಹೋಗಿಬಿಟ್ಟಳು. ಅಂದೇ ಪ್ರಧಾನ ಸಂಪಾದಕರು (ಅವರನ್ನು ನಾವು ಬೆನ್ನ ಹಿಂದೆ ‘ಕೆಂಪು ಪೆನ್ನು’ ಎನ್ನುತ್ತೇವೆ) ನನ್ನ ನಟನೆಯೆಲ್ಲ ಮನೆಯಲ್ಲೇ ನಡೆಯಬೇಕೆಂದು ಫರ್ಮಾನು ಹೊರಡಿಸಿದರು.

ಮನೆಯಲ್ಲಿ ತೊಂದರೆ ಇರಲಿಲ್ಲ. ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಮಹಡಿಯ ಮೇಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ದೊಡ್ಡ ಕಿಟಕಿಯ ಪಕ್ಕ ಅವಳ ಮೆಷಿನ್ನು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಒಳ್ಳೆಯ ಬೆಳಕು. ಬೀದಿಯ ಹೆಂಗಸರೆಲ್ಲ ಬಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗಲೂ ದೀಪ ಬೇಡ ಎಂದು ಅವಳು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದಳು. ನಾನು ಒಳಗಿನಿಂದ ಏನೇ ಕೂಗಿಕೊಂಡರೂ ಅವಳ ಕಾಲು ಮೆಷಿನ್ನಿನ ಮೇಲಿಂದ ಏಳುತ್ತಿರಲಿಲ್ಲ.

ಹೀಗಿರುವಾಗ ನನ್ನ ಪಾಲಿಗೆ ‘ವೆಕೇಟ್’ ಬಂತು.

ನೋಡಲು ಬಡಪಾಯಿ ಪದ. ಒಳಹೊಕ್ಕರೆ ದೊಡ್ಡ ಸಂಸಾರ. ಬಿಡು, ತೊರೆ, ತೆರವು ಮಾಡು, ಖಾಲಿ ಮಾಡು, ಬಿಟ್ಟುಕೊಡು. ಇದು ಒಂದು ಕಡೆಯ ಬಳಗ. ರದ್ದುಮಾಡು, ಅಸಿಂಧುಗೊಳಿಸು, ತಡೆಯಾಜ್ಞೆ ತೆರವುಗೊಳಿಸು. ಇದು ನ್ಯಾಯಾಲಯದ ಕಡೆಯ ಬೀಗರು. ನಾನು ಮೊದಲನೆಯ ಅರ್ಥವನ್ನು ಕೈಗೆತ್ತಿಕೊಂಡು, ದನಿ ಚೆನ್ನಾಗಿ ಮೊಳಗುತ್ತದೆಂದು ಮೆಟ್ಟಿಲ ಬಾಗಿಲಿಗೆ ಬಂದು ನಿಂತೆ.

“ಸಾಕಪ್ಪಾ ಈ ಮನೆ ಸಹವಾಸ. ನಲ್ಲಿ ತಿರುಗಿಸಿದ್ರೆ ನೀರಿಲ್ಲ, ಕೇಳಿದ್ರೆ ಉತ್ತರ ಇಲ್ಲ. ಈ ತಿಂಗಳ ಕೊನೆಗೆ ವೆಕೇಟ್ ಮಾಡ್ತೀವಿ. ಆಮೇಲೆ ಯಾರು ಬೇಕಾದ್ರೂ ಬಂದು ಒದ್ದಾಡ್ಲಿ.”

ಮೊದಲು ಬೇಸರದಿಂದ ಹೇಳಿದೆ. ಆಮೇಲೆ ಸಿಟ್ಟಿನಿಂದ. ಕೊನೆಗೆ ಗಂಟಲು ಕಟ್ಟಿದವನಂತೆ ಹೇಳಿದೆ.

“ಸಿಟ್ಟಿನದ್ದೇ ಚೆನ್ನಾಗಿತ್ತು,” ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ನನಗೂ ಹಾಗೇ ಅನಿಸಿತ್ತು. ಹಿಗ್ಗಿ ಹೀರೇಕಾಯಿಯಾಗಿ ಇನ್ನೊಂದು ಸಲ ಸಿಟ್ಟಿನಿಂದ ಹೇಳಿದೆ. ಆಗ ಮನೆಯ ಯಜಮಾನಿ ತೋಳು ಬಿಗಿಯಾದ ಅಂಗಿಯೊಂದನ್ನು ಹೊಲಿಗೆ ಬಿಡಿಸಲು ಹಿಡಿದುಕೊಂಡು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದರಂತೆ. ಅಲ್ಲಿಂದಲೇ ಸದ್ದಿಲ್ಲದೆ ವಾಪಸು ಇಳಿದರಂತೆ.

ಮರುದಿನ ಬೆಳಿಗ್ಗೆ ಅವರೇ ಮೇಲೆ ಬಂದರು. ನಮ್ಮ ಕೆಳಗೇ ವಾಸ, ಒಂಟಿ ಹೆಂಗಸು, ನನ್ನನ್ನು ಮೊದಲಿನಿಂದಲೂ ಮೇಷ್ಟ್ರು ಎಂದೇ ಕರೆಯುತ್ತಿದ್ದವರು.

“ಮೇಷ್ಟ್ರೇ, ನೀರು ಬರ್ತಿಲ್ಲ ಅಂತ ನಂಗೆ ಒಂದು ಮಾತು ಹೇಳ್ಬಹುದಿತ್ತು,” ಎಂದರು. “ಇರ್ಲಿ ಬಿಡಿ. ನನ್ನ ಮಗಳು, ಅಳಿಯ ಮನೆ ಹುಡುಕ್ತಾ ಇದಾರೆ. ನಿಮ್ಮಂಥವರನ್ನ ಬಿಡಿ ಅನ್ನೋಕೆ ನಂಗೆ ಬಾಯೇ ಬರ್ತಿರ್ಲಿಲ್ಲ. ನೀವೇ ಹೋಗ್ತೀವಿ ಅಂದ್ಮೇಲೆ ನಂಗೇನು? ತಿಂಗಳ ಕೊನೆಗೆ ಅಂದ್ರಲ್ಲ, ಹಾಗೇ ಮಾಡಿ.”

ಅವರು ಇಳಿದುಹೋದರು. ಮುಂದಿನ ಕೋಣೆಯಲ್ಲಿ ಮೆಷಿನ್ನು ನಿಂತಿತ್ತು.

“ರೀ, ಈಗಲೇ ಕೆಳಗೆ ಹೋಗಿ,” ಎಂದಳು ಹೆಂಡತಿ. “ತಪ್ಪಾಯ್ತು ಅಂತ ಹೇಳಿ ಬನ್ನಿ.”

“ತಪ್ಪು ಮಾಡಿದವನು ಆ ಮಾತು ಹೇಳ್ಬೇಕು. ನಾನು ಮಾಡಿದ್ದು ಪ್ರಯೋಗ. ನಮ್ಮ ಕೆಲಸ ಹೇಗೆ ನಡೆಯುತ್ತೆ ಅಂತ ವಿವರಿಸ್ತೀನಿ, ಅರ್ಥ ಮಾಡ್ಕೋತಾರೆ.”

“ವಿವರಿಸೋಕೆ ಹೋಗ್ಬೇಡಿ, ನಿಮ್ಗೆ ಕೈ ಮುಗೀತೀನಿ. ಆ ಒಂದು ಮಾತು ಹೇಳಿ ಸಾಕು. ಈ ಕಿಟಕಿ ಬಿಟ್ಟು ನಾನೆಲ್ಲಿ ಹೊಲೀಲಿ?”

ಅವಳ ಮಾತು ಕೇಳಬೇಕಿತ್ತು. ಆದರೆ ಪದಗಳ ನಡುವೆ ತಲೆ ನರೆಸಿದವನು ಒಂದು ಚಿಲ್ಲರೆ ‘ತಪ್ಪಾಯ್ತು’ ಹೇಳಿ ಕೈತೊಳೆದುಕೊಳ್ಳುವುದೆಂದರೇನು ಎಂಬ ಜಂಬ ನನ್ನನ್ನು ಹಿಡಿದಿತ್ತು. ಶಾಲು ಹೊದ್ದು ಗಂಭೀರವಾಗಿ ಇಳಿದೆ.

ಯಜಮಾನಿ ಕುರ್ಚಿ ಕೊಟ್ಟು ಚಹಾ ಮಾಡಿಕೊಟ್ಟರು. ಅವರ ಮುಖ ಮೆದುವಾಗಿತ್ತು, ಏನನ್ನೋ ಕಾಯುತ್ತಿರುವಂತೆ ಇತ್ತು. (ಇದು ಈಗ ಹೊಳೆಯುತ್ತಿದೆ. ಆಗ ನನ್ನ ಕಣ್ಣು ಚಹಾದ ಮೇಲಿತ್ತು.)

“ನೋಡಿ ಅಮ್ಮಾ,” ಎಂದು ಶುರುಮಾಡಿದೆ. “ನಾನು ಹೇಳಿದ್ದು ಉದಾಹರಣೆಗೆ.”

“ಉದಾಹರಣೆಗೆ ಅಷ್ಟು ಸಿಟ್ಟು ಬರುತ್ತಾ?”

“ಅದೇ ನಮ್ಮ ಕಸುಬು. ಅಲ್ಲದೆ ಈ ಪದಕ್ಕೆ ಎರಡನೇ ಅರ್ಥವೂ ಇದೆ. ಮೊದಲು ಹೊರಡಿಸಿದ ಆಜ್ಞೆಯನ್ನ ಕೋರ್ಟು ತಾನೇ ರದ್ದುಮಾಡುತ್ತಲ್ಲ, ಅದಕ್ಕೂ ಇದೇ ಪದ. ಕೋರ್ಟಿಗೆ ಹೋದ್ರೆ—”

“ಕೋರ್ಟಾ?”

“ಹೌದು, ಕೋರ್ಟಿಗೆ ಹೋದ್ರೆ ಇಂಥದ್ದನ್ನ ಒಂದೇ ಏಟಿಗೆ ಅಸಿಂಧು ಅಂತಾರೆ. ನೀವು ಬೇಕಾದ್ರೆ ಯಾವ ವಕೀಲರನ್ನಾದ್ರೂ ಕೇಳಿ.”

ಅವರು ಎದ್ದರು. ನನ್ನ ಕೈಯಲ್ಲಿದ್ದ ಅರ್ಧ ಲೋಟ ಚಹಾವನ್ನು ತೆಗೆದುಕೊಂಡರು. “ಒಂಟಿ ಹೆಂಗಸು ಅಂತ ಕೋರ್ಟು, ವಕೀಲ ಅಂತ ಹೆದರಿಸ್ತೀರಾ ಮೇಷ್ಟ್ರೇ? ನಿಮ್ಮಿಂದ ಈ ಮಾತು ಬರುತ್ತೆ ಅಂದ್ಕೊಂಡಿರ್ಲಿಲ್ಲ,” ಎಂದರು. ನಾನು ಇನ್ನೂ ಮೂರು ಸಮಾನಾರ್ಥಕ ಪದಗಳನ್ನು ಹೇಳಿ ಸಮಾಧಾನಪಡಿಸಲು ನೋಡಿದೆ. ಒಂದೊಂದು ಪದಕ್ಕೂ ಅವರು ಬಾಗಿಲನ್ನು ಇಷ್ಟಿಷ್ಟೇ ಮುಚ್ಚುತ್ತ ಬಂದರು.

ಸಂಜೆ ಅಳಿಯ ಬಂದ. ಮುಂದಿನ ಕೋಣೆಯಲ್ಲಿ ಮಂಚ ಹಿಡಿಸುತ್ತದೋ ಇಲ್ಲವೋ ನೋಡಬೇಕಿತ್ತಂತೆ. ಅಳತೆಯ ಟೇಪು ತಂದಿರಲಿಲ್ಲ. ನನ್ನ ಹೆಂಡತಿ ತನ್ನ ಕತ್ತಿನಲ್ಲಿದ್ದ ಟೇಪನ್ನೇ ತೆಗೆದುಕೊಟ್ಟು, ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡಳು. ಮಂಚ ಹಿಡಿಸಿತು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

ಸಾಮಾನು ಗಾಡಿಗೇರಿಸುವ ದಿನ ಯಜಮಾನಿ ಹೊರಗೆ ಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡರು. “ಅವತ್ತು ನಿಮ್ಮೆಜಮಾನ್ರು ತಪ್ಪಾಯ್ತು ಅಂದಿದ್ರೆ ಮಗಳಿಗೆ ಬೇರೆ ಮನೆ ನೋಡ್ಕೊಳ್ಳಿ ಅಂತಿದ್ದೆ ಕಣಮ್ಮಾ. ಅದಕ್ಕೇ ಚಹಾ ಮಾಡಿ ಕೂರಿಸ್ಕೊಂಡಿದ್ದು,” ಎಂದರು. ಇಬ್ಬರೂ ಕಣ್ಣೊರೆಸಿಕೊಂಡರು. ನಾನು ಗಾಡಿಯ ಹಿಂದೆ ನಿಂತು, ಕಟ್ಟಿಯಾಗಿದ್ದ ಹಗ್ಗವನ್ನೇ ಮತ್ತೆ ಕಟ್ಟಿದೆ.

ಹೊಸ ಮನೆ ನೆಲಮಾಳಿಗೆಯಲ್ಲ ಅನ್ನುವುದೊಂದೇ ಅದರ ಹೆಚ್ಚುಗಾರಿಕೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಹೆಂಡತಿ ಮಧ್ಯಾಹ್ನವೂ ದೀಪ ಹಾಕಿಕೊಂಡು, ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಹೊಲಿಯುತ್ತಾಳೆ. ಹಳೆಯ ಬೀದಿಯ ಹೆಂಗಸರಿಗೆ ಇಲ್ಲಿಯವರೆಗೆ ಬರುವುದು ದೂರ. ನನ್ನನ್ನು ಅವಳು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎರಡು ತುತ್ತು ಹೆಚ್ಚು ಸೇರುತ್ತಿತ್ತೇನೋ.

ನನಗಿದ್ದ ಸಮಾಧಾನ ಒಂದೇ. ಮನೆ ಹೋದರೂ ವಾಕ್ಯ ಉಳಿಯಿತಲ್ಲ. ನಾಳೆ ನಿಘಂಟು ಅಚ್ಚಾದಾಗ ಅದು ಅಲ್ಲಿರುತ್ತದೆ, ಮಕ್ಕಳು ಓದುತ್ತಾರೆ ಎಂದುಕೊಂಡು ‘ವೆಕೇಟ್’ ಅನ್ನು ಒಪ್ಪಿಸಿದೆ. ನಿನ್ನೆ ಕೆಂಪು ಪೆನ್ನು ನನ್ನನ್ನು ಕರೆಸಿತು.

“ಅರ್ಥಗಳೆಲ್ಲ ಸರಿ ಇವೆ ಕಣ್ರೀ,” ಎಂದರು ಸಂಪಾದಕರು. “ಉದಾಹರಣೆ ಮಾತ್ರ ತೆಗೆದಿದ್ದೀನಿ. ತೀರಾ ಕೃತಕವಾಗಿದೆ. ಯಾವ ಬಾಡಿಗೆದಾರ ಹೀಗೆ ಮಾತಾಡ್ತಾನೆ? ಕೇಳಿದವರು ಯಾರಾದ್ರೂ ನಂಬ್ತಾರಾ?”

ಒಬ್ಬರು ನಂಬಿದ್ದಾರೆ ಸಾರ್ ಎನ್ನಬೇಕೆಂದುಕೊಂಡೆ. ಸಾರಾಸಗಟು ಗೀಚಿಹಾಕಿದ್ದ ಆ ಸಾಲನ್ನು ಇನ್ನೊಮ್ಮೆ ಓದಿಕೊಂಡು ಮನೆಗೆ ಬಂದೆ.

ಹೆಂಡತಿ ದೀಪದ ಕೆಳಗೆ ಕೂತು ಸೂಜಿಯ ಕಣ್ಣಿಗೆ ದಾರ ತೂರಿಸುತ್ತಿದ್ದಳು. ದಾರದ ತುದಿ ಒದ್ದೆ ಮಾಡಿ ಮತ್ತೆ ಮತ್ತೆ ನೋಡಿದಳು, ಹೋಗಲಿಲ್ಲ. ನಾನು ಚೀಲ ಕೆಳಗಿಟ್ಟು ಅವಳೆದುರು ನಿಂತೆ. ಯಾವ ಧಾಟಿಯನ್ನೂ ಹುಡುಕಲಿಲ್ಲ. ಬಂದ ದನಿಯಲ್ಲೇ ಹೇಳಿದೆ.

“ತಪ್ಪಾಯ್ತು ಕಣೇ. ನನ್ನಿಂದಲೇ ನಿನಗೆ ಇಷ್ಟೆಲ್ಲ ಆಯ್ತು.”

ಅವಳು ತಲೆಯೆತ್ತಿದಳು.

“ಇದು ಯಾವ ಪದಕ್ಕೆ?” ಎಂದು ಕೇಳಿದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಪಾಪ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದಳು.