ಗೌರಕ್ಕನ ಅಟ್ಟಕ್ಕೆ ನಾನು ಕೊಟ್ಟ ಗ್ಯಾರಂಟಿ

ಒಂದು ದೇಶದ ಹಣಕಾಸು ವ್ಯವಸ್ಥೆ ನಿಂತಿರುವುದು ಚಿನ್ನದ ಮೇಲೂ ಅಲ್ಲ, ನೋಟಿನ ಮೇಲೂ ಅಲ್ಲ. ಒಬ್ಬ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾನೆಂಬ ಇನ್ನೊಬ್ಬನ ನಂಬಿಕೆಯ ಮೇಲೆ. ಇದು ಗಂಭೀರವಾದ ಸತ್ಯ. ನಮ್ಮ ಬೀದಿಯ ವ್ಯವಸ್ಥೆ ಮಾತ್ರ ಕಳೆದ ವರ್ಷ ಒಂದು ಬೆಳಿಗ್ಗೆ ನನ್ನ ಸೊಂಟದ ಮೇಲೆ ನಿಂತಿತ್ತು.

ನಾನು ತುಮಕೂರಿನ ಒಂದು ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾಗಿ ಊರಿಗೆ ಮರಳಿದವನು. ಆ ಬ್ಯಾಂಕಿನ ಚೆಕ್ಕು ಈ ಬ್ಯಾಂಕಿಗೆ, ಈ ಬ್ಯಾಂಕಿನದು ಆ ಬ್ಯಾಂಕಿಗೆ. ಎಲ್ಲವನ್ನೂ ಒಂದಕ್ಕೊಂದು ವಜಾ ಹಾಕಿ, ಉಳಿದ ಬಾಕಿಯನ್ನಷ್ಟೇ ದಾಟಿಸುವುದು ನಮ್ಮ ಕಸುಬು. ಷೇರುಪೇಟೆಯಲ್ಲಿ ಇದಕ್ಕೂ ದೊಡ್ಡ ಏರ್ಪಾಡಿದೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಒಂದು ಸಂಸ್ಥೆ ನಿಲ್ಲುತ್ತದೆ. ಮಾರುವವನಿಗೆ ಅದೇ ಗಿರಾಕಿ, ಕೊಳ್ಳುವವನಿಗೆ ಅದೇ ವ್ಯಾಪಾರಿ. ಒಬ್ಬ ಕೈಯೆತ್ತಿದರೂ ಇನ್ನೊಬ್ಬ ಮುಳುಗುವುದಿಲ್ಲ; ನಡುವೆ ನಿಂತವನು ತುಂಬಿಕೊಡುತ್ತಾನೆ. ಇಂಥ ಭವ್ಯ ಏರ್ಪಾಡು ದೇಶಕ್ಕೆ ಇದ್ದು ಹಂದನಕೆರೆ ಪಕ್ಕದ ನಮ್ಮೂರಿಗೆ ಇಲ್ಲದಿರುವುದು ನನ್ನ ಮನಸ್ಸನ್ನು ಬಹಳ ನೋಯಿಸಿತು.

ನಮ್ಮ ಕಡೆ ಮುಯ್ಯಾಳು ಪದ್ಧತಿ ಇನ್ನೂ ಇದೆ. ಇವತ್ತು ನೀನು ನಮ್ಮನೆ ಕೆಲಸಕ್ಕೆ ಬಾ, ನಾಳೆ ನಾನು ನಿಮ್ಮನೆಗೆ ಬರುತ್ತೇನೆ. ಬರಹವಿಲ್ಲ, ಸಹಿಯಿಲ್ಲ, ಮೇಲ್ವಿಚಾರಣೆಯಿಲ್ಲ. ಯಾರು ಯಾರಿಗೆ ಎಷ್ಟು ದಿನ ಬಾಕಿ ಎಂಬುದು ಹೆಂಗಸರ ತಲೆಯಲ್ಲಿದೆ. ಒಬ್ಬ ಕ್ಲಿಯರಿಂಗ್ ಗುಮಾಸ್ತ ಇದನ್ನು ನೋಡಿಕೊಂಡು ಸುಮ್ಮನಿರಲು ಸಾಧ್ಯವೆ?

ಬೀದಿಯ ಐದು ಮನೆಯವರನ್ನು ನಮ್ಮ ಜಗುಲಿಗೆ ಕರೆದು ವಿಷಯ ಮಂಡಿಸಿದೆ. ಇನ್ನು ಮುಂದೆ ಯಾರೂ ಯಾರಿಗೂ ಬಾಕಿಯಿಲ್ಲ. ಎಲ್ಲರೂ ನನಗೆ ಬಾಕಿ, ನಾನು ಎಲ್ಲರಿಗೂ ಬಾಕಿ. ಯಾರು ತಪ್ಪಿಸಿಕೊಂಡರೂ ಆಳು ಒದಗಿಸುವುದು ನನ್ನ ಹೊಣೆ. ಭದ್ರತೆಗಾಗಿ ಮನೆಗೆ ಹತ್ತು ತೆಂಗಿನಕಾಯಿ ಜಾಮೀನು, ನಮ್ಮ ಉಗ್ರಾಣದಲ್ಲಿ ಇಡತಕ್ಕದ್ದು. ತಪ್ಪಿದವರ ಕಾಯಿ ಮಾರಿ ಕೂಲಿಯಾಳು ತರಲಾಗುವುದು.

ಒಳಗಿನಿಂದ ನನ್ನ ಹೆಂಡತಿ ಜಯಮ್ಮ, "ಅವರ ಪಾಡಿಗೆ ಅವರು ಮಾಡ್ಕೊಂಡು ಹೋಯ್ತಾವ್ರೆ. ನಿಮಗ್ಯಾಕ್ರೀ ಊರ ಉಸಾಬರಿ?" ಎಂದಳು. ಸುಧಾರಕರಿಗೆಲ್ಲ ಮೊದಲ ವಿರೋಧ ಮನೆಯೊಳಗಿನಿಂದಲೇ ಬರುತ್ತದೆ.

ಮೊದಲ ದಿನವೇ ವ್ಯವಸ್ಥೆ ಪವಾಡ ಮಾಡಿತು. ಶಿವಣ್ಣ ಕಲ್ಲೇಶನಿಗೆ ಒಂದಾಳು ಬಾಕಿ, ಕಲ್ಲೇಶ ಪಕ್ಕದ ಮನೆಗೆ ಒಂದಾಳು, ಪಕ್ಕದ ಮನೆಯವರು ಶಿವಣ್ಣನಿಗೆ ಒಂದಾಳು. ಮೂರನ್ನೂ ವಜಾ ಹಾಕಿದೆ. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ.

ಕಲ್ಲೇಶ ತಲೆ ಕೆರೆದುಕೊಂಡು, "ಅಲ್ಲ ಸಾರ್, ಹಂಗಾದ್ರೆ ನಮ್ಮ ರಾಗಿ ಕುಯ್ಯೋರು ಯಾರು?" ಎಂದ.

ಅದಕ್ಕೆ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು ಎಂದು ತಿಳಿಸಿದೆ.

ಎಲ್ಲ ವಜಾ ಆದ ಮೇಲೆ ಉಳಿದದ್ದು ಎದುರು ಮನೆ ಗೌರಕ್ಕನದೊಂದೇ. ಆಕೆ ನಾಲ್ಕೂ ಮನೆಗೆ ಮೊದಲೇ ದುಡಿದಿದ್ದಳು. ಅವಳಿಗೆ ನಾಲ್ಕು ಆಳು ಬರಬೇಕು. ಅವಳ ಅಟ್ಟದ ತೊಲೆಗೆ ಗೆದ್ದಲು ಹತ್ತಿತ್ತು. ಮೇಲೆ ವರ್ಷದಿಂದ ಒಣಗಿದ ಕೊಬ್ಬರಿ ಕಾಯಿ ರಾಶಿ. ತೊಲೆ ಬದಲಾಯಿಸಲು ಬಡಗಿ ಆಚಾರ್ರು ಬರುವ ಹಿಂದಿನ ದಿನ ಕಾಯಿಯನ್ನೆಲ್ಲ ಇಳಿಸಿ, ಸುಲಿದು ಮುಗಿಸಬೇಕು. ಆ ದಿನ ತಪ್ಪಿದರೆ ಆಚಾರ್ರು ಬೇರೆ ಊರಿನ ಕೆಲಸಕ್ಕೆ ಹೊರಟುಬಿಡುತ್ತಾರೆ. ತೊಲೆ ಅವರು ತಿರುಗಿ ಬರುವವರೆಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ತೊಲೆಯ ನೇರ ಕೆಳಗೆ ಗೌರಕ್ಕ ಮಲಗುತ್ತಿದ್ದಳು.

"ನಾಲ್ಕಾಳು ಬತ್ತಾರೆ ತಾನೆ ಅಣ್ಣಯ್ಯ?" ಎಂದು ಎರಡು ಸಲ ಕೇಳಿದಳು. ನಾನು ಗ್ಯಾರಂಟಿ ಎಂದೆ. ಆ ಪದವನ್ನು ಬಾಯ್ತುಂಬ ಹೇಳಿ ಎಷ್ಟು ವರ್ಷವಾಗಿತ್ತು!

ಆ ದಿನ ಬೆಳಿಗ್ಗೆ ಒಬ್ಬರೂ ಬರಲಿಲ್ಲ.

ಶಿವಣ್ಣನ ಮನೆಗೆ ಹೋದೆ. ಎಮ್ಮೆಯ ಮೈ ತೊಳೆಯುತ್ತಿದ್ದ. ಅವನು ಬಾಕಿಯಿರುವುದು ನನಗೆ, ಆದ್ದರಿಂದ ನಮ್ಮ ಮನೆಯಲ್ಲಿ ಕೆಲಸವಿದ್ದಾಗ ಬರುತ್ತಾನಂತೆ. ತರ್ಕದಲ್ಲಿ ಲೋಪವಿರಲಿಲ್ಲ, ನಾನೇ ಕಲಿಸಿದ್ದು. ಕಲ್ಲೇಶ ಇನ್ನೂ ಸ್ಪಷ್ಟವಾಗಿ ಹೇಳಿದ:

"ಗೌರಕ್ಕನಿಗೆ ಬಾಕಿ ಅಂದ್ರೆ ದಿನಾ ನಲ್ಲಿ ಹತ್ರ ಅವಳ ಮುಖ ನೋಡ್ಬೇಕಿತ್ತು, ನಾಚ್ಕೆಗಾದ್ರೂ ಬತ್ತಿದ್ದೆ. ಈಗ ಮಧ್ಯದಲ್ಲಿ ನೀವು ನಿಂತಿದ್ದೀರಲ್ಲ ಸಾರ್. ನಿಮ್ಮ ಮುಖ ನೋಡಿದ್ರೆ ನಂಗೇನೂ ಅನ್ನಿಸಾಕಿಲ್ಲ."

ಉಳಿದ ಎರಡು ಮನೆಯ ಉತ್ತರವೂ ಇದೇ. ಜಾಮೀನು ಜಪ್ತಿ ಮಾಡುವುದೆಂದು ನಿರ್ಧರಿಸಿ ನಮ್ಮ ಉಗ್ರಾಣಕ್ಕೆ ಹೋದೆ. ಕಾಯಿ ಪೇರಿಸಿದ್ದ ಮೂಲೆ ಖಾಲಿ. ಜಯಮ್ಮನನ್ನು ವಿಚಾರಿಸಿದೆ.

"ಆ ಕಾಯಾ? ಒಂದ್ ತಿಂಗಳಿಂದ ಇಡ್ಲಿ ಜೊತೆ ಏನು ತಿಂತಾ ಇದ್ರಿ ಅಂದ್ಕೊಂಡ್ರಿ?"

ವ್ಯವಸ್ಥೆಯ ಸಮಸ್ತ ಭದ್ರತಾ ನಿಧಿ ಚಟ್ನಿಯಾಗಿತ್ತು. ಅರ್ಧಕ್ಕಿಂತ ಹೆಚ್ಚು ನಾನೇ ತಿಂದಿದ್ದೆ.

ನಿಧಿ ಮುಗಿದರೆ ಸಂಸ್ಥೆಯು ತನ್ನ ಸ್ವಂತ ಬಂಡವಾಳ ಹಾಕಬೇಕೆಂದು ನಿಯಮ. ನನ್ನ ಬಂಡವಾಳ ನಾನೇ. ಪಂಚೆ ಎತ್ತಿ ಕಟ್ಟಿ ಗೌರಕ್ಕನ ಮನೆಗೆ ನಡೆದೆ. ನಾಲ್ಕು ಆಳಿಗೆ ಬದಲು ಒಬ್ಬ ನಿವೃತ್ತ ಗುಮಾಸ್ತನನ್ನು ಕಂಡ ಆಕೆ ಒಮ್ಮೆ ಅಟ್ಟ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಏಣಿ ತಂದು ಒರಗಿಸಿ ಕಾಯಿ ಇಳಿಸಲು ತಾನೇ ಹತ್ತಿದಳು.

ಅಂಗಳದಲ್ಲಿ ಕಾಯಿ ಸುಲಿಯುವ ಕಬ್ಬಿಣದ ಮೊನೆ ನೆಟ್ಟಿತ್ತು. ಬಲ್ಲವರು ಕಾಯಿಯನ್ನು ಅದಕ್ಕೆ ಕುಕ್ಕಿ, ಮಣಿಕಟ್ಟು ತಿರುವಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ನಾನು ಕುಕ್ಕಿದಾಗ ಮೊನೆ ಸಿಪ್ಪೆ, ಚಿಪ್ಪು, ಕೊಬ್ಬರಿ ಎಲ್ಲವನ್ನೂ ದಾಟಿತು. ಉಂಡೆಯಾಗಿ ಬರಬೇಕಾದ ಕೊಬ್ಬರಿ ಹೋಳಾಗಿ ಬಂತು. ಬುಟ್ಟಿ ಇಳಿಸಲು ಬಂದ ಗೌರಕ್ಕ ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಬಿಸಿಲೇರುವ ಹೊತ್ತಿಗೆ ನನ್ನ ಸೊಂಟ ಮೊನೆಯ ಕಡೆಗೆ ಬಾಗಿ ಅಲ್ಲೇ ನಿಂತುಬಿಟ್ಟಿತು.

ಇದನ್ನು ಬಾಗಿಲಲ್ಲಿ ನಿಂತು ನೋಡಿದ ಜಯಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದಳು. ಪ್ರತಿ ಬಾಗಿಲಲ್ಲೂ ಅವಳು ಹೇಳಿದ್ದು ಒಂದೇ ಮಾತು: "ಗೌರಕ್ಕ ಒಬ್ಬಳೇ ಅಟ್ಟ ಹತ್ತವ್ಳೆ. ಬತ್ತೀರೋ ಇಲ್ವೋ?"

ಶಿವಣ್ಣ ಇನ್ನೊಂದು ಎಮ್ಮೆಯನ್ನು ಅರ್ಧ ತೊಳೆದು ಬಿಟ್ಟು ಬಂದ. ಕಲ್ಲೇಶ ಹೆಂಡತಿಯನ್ನೂ ಕರೆತಂದ. ಇನ್ನೆರಡು ಮನೆಯವರು ತಮ್ಮ ಮೊನೆಗಳನ್ನೇ ಹೊತ್ತು ಬಂದರು. ಯಾರೂ ನನ್ನ ಮುಖ ನೋಡಲಿಲ್ಲ, ಗೌರಕ್ಕನದನ್ನೂ ನೋಡಲಿಲ್ಲ. ಸಂಜೆಯ ಕಾಫಿ ಹೊತ್ತಿಗೆ ಅಟ್ಟದಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ.

ನಾನು ಈಗಲೂ ತಲೆಯೆತ್ತಿಯೇ ಹೇಳುತ್ತೇನೆ. ಗ್ಯಾರಂಟಿ ಕೊಟ್ಟವನು ಬಾಗಿಲು ಹಾಕಿಕೊಂಡು ಒಳಗೆ ಕೂರಲಿಲ್ಲ. ನಿಧಿ ಮುಗಿದಾಗ ಸ್ವಂತ ಬಂಡವಾಳ ಇಳಿಸಿದ. ಸೊಂಟ ಹಿಡಿಯುವವರೆಗೂ ಇಳಿಸಿದ. ಇಷ್ಟು ನಿಯತ್ತಿನಿಂದ ದಿವಾಳಿಯಾದ ಸಂಸ್ಥೆ ಸುತ್ತ ಮೂರು ತಾಲ್ಲೂಕಿನಲ್ಲಿ ಇನ್ನೊಂದಿರಲಾರದು.

ಮಾರನೆಯ ದಿನ ಆಚಾರ್ರು ಬಂದು ತೊಲೆ ಬದಲಾಯಿಸಿದರು. ನಾನು ಸುಲಿದ ಕಾಯಿ ಹನ್ನೊಂದು, ಅದರಲ್ಲಿ ಒಡೆದದ್ದು ಏಳು. ಆ ದಿನದ ನನ್ನ ಕೆಲಸವನ್ನು ಬೀದಿಯ ಹೆಂಗಸರು ಕಾಲು ಆಳು ಎಂದು ಲೆಕ್ಕ ಹಿಡಿದಿದ್ದಾರೆ.