ಸುಟ್ಟ ಕೈಗೆ ಸೋಬಾನೆ

ಸುಟ್ಟ ಗಾಯಕ್ಕೆ ಮದುವೆ ಹಾಡು ಹಾಡುವವರನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ, ಭೀಮನಬೀಡಿನ ನನ್ನ ಸೋದರತ್ತೆ!

ಆಕೆಯ ಒಲೆಯ ಪಕ್ಕ ಸದಾ ಒಂದು ಕೊಡ ತಣ್ಣೀರು. ಬೀಗರು ಬಾಯಾರಿ ಬಂದರೂ ಅದನ್ನು ಕುಡಿಯುವಂತಿಲ್ಲ! "ಅದು ಸುಟ್ಕೊಂಡೋರ್ ನೀರು, ಮುಟ್‌ಬ್ಯಾಡಿ." ಹೊಲದ ತುಂಬ ಅರಿಶಿನ ಬೆಳೆಯುವವಳು, ಸುಟ್ಟ ಗಾಯಕ್ಕೆ ಯಾರಾದರೂ ಚಿಟಿಕೆ ಅರಿಶಿನ ಹಚ್ಚಹೋದರೆ ಕೈ ಮೇಲೆ ಬಾರಿಸುತ್ತಿದ್ದಳು. ಹಿಂದೊಮ್ಮೆ ಚಾಮರಾಜನಗರದ ಆಸ್ಪತ್ರೆಯಲ್ಲಿ ನರ್ಸೊಬ್ಬಳು ಆಕೆಯ ಸುಟ್ಟ ತೋಳಿನಿಂದ ಅರಿಶಿನ ತೊಳೆಯುತ್ತ, "ಮೊದಲು ಇಪ್ಪತ್ತು ನಿಮಿಷ ನೀರು ಹೊಯ್ಯಬೇಕು" ಎಂದು ಬೈದಿದ್ದಳಂತೆ. ಗಡಿಯಾರ ನೋಡಲು ಬಾರದ ಅತ್ತೆ ಅದಕ್ಕೊಂದು ಅಳತೆ ಕಂಡುಕೊಂಡಳು: ಸೋಬಾನೆ. ಹೆಣ್ಣು ಹಸೆಗೆ ಬಂದಲ್ಲಿಂದ ಗಂಡನ ಮನೆಯ ಹೊಸ್ತಿಲು ದಾಟುವವರೆಗೆ!

ಎಂ.ಎಸ್ಸಿ. ಮಾಡಿದ ನಾನು ಬಿಡುತ್ತೇನೆಯೇ? ವಾಚು ಹಿಡಿದು ಪರೀಕ್ಷಿಸಿದೆ. "ಒಂದು ನಿಮಿಷ ಹೆಚ್ಚಾಯಿತಲ್ಲ ಅತ್ತೆ?"

"ತವ್ರು ಬುಡೋವಾಗ ಹೆಣ್ಣು ವಸಿ ಅಳ್ಬ್ಯಾಡ್ವೇನ್ಲಾ?"

ಎರಡು ಸಾವಿರದ ಮೂರೋ ನಾಲ್ಕೋ, ಅರಿಶಿನ ಬೇಯಿಸುವ ದಿನ. ಕೊಪ್ಪರಿಗೆಯ ಕುದಿನೀರು ಸಿಡಿದು ಐದು ವರ್ಷದ ನನ್ನ ಮಗಳ ಮುಂಗೈ ಸುಟ್ಟಿತು. ನಾನು ಓಡಿಹೋಗಿ ತಂದದ್ದೇನು ಗೊತ್ತೇ? ಟೂತ್‌ಪೇಸ್ಟ್! ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ, ಮಗುವಿನ ಬಳೆ ಬಿಚ್ಚಿ, ಚೆಂಬಿನಲ್ಲಿ ನೀರು ಹೊಯ್ಯುತ್ತ ಹಾಡು ಎತ್ತಿದಳು.

"ಸಾಕು, ಆಸ್ಪತ್ರೆಗೆ ಹೊರಡೋಣ!" ಎಂದು ಕಿರುಚಿದೆ.

"ಇನ್ನೂ ಧಾರೆನೇ ಆಗಿಲ್ಲ, ಸುಮ್ಕಿರ್ಲಾ!"

ಗುಂಡ್ಲುಪೇಟೆಯಲ್ಲಿ ಡಾಕ್ಟರು ಗಾಯ ನೋಡಿ, "ತಕ್ಷಣ ನೀರು ಹೊಯ್ದು ಒಳ್ಳೆಯದು ಮಾಡಿದಿರಿ. ಯಾರು ಹೊಯ್ದದ್ದು?" ಎಂದರು.

"ನಾನೇ" ಎಂದೆ.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಊಂ ಕಣಪ್ಪ, ಓದಿರೋನಲ್ವಾ" ಎಂದಳು.

ಆ ಸುಳ್ಳನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಕಣ್ಣು ಮುಚ್ಚಿದರೆ ಚೆಂಬು ನನ್ನ ಕೈಯಲ್ಲೇ ಕಾಣುತ್ತದೆ! ಕಂಡದ್ದಕ್ಕೆಲ್ಲ ಪುರಾವೆ ಕೇಳುವ ನಾನು ನನ್ನ ನೆನಪಿಗೆ ಮಾತ್ರ ಕೇಳಿರಲಿಲ್ಲ. ಕೇಳಿದವಳು ಮಗಳು, ಕಳೆದ ವಾರ: "ಅಪ್ಪಾ, ಆವತ್ತು ನೀರು ಹೊಯ್ಯುವಾಗ ಏನೋ ಹಾಡ್ತಿದ್ದೆಯಲ್ಲ, ಅದನ್ನು ಹಾಡು."

ಒಂದು ಸೊಲ್ಲೂ ಬರಲಿಲ್ಲ.

ಅವಳನ್ನು ಕರೆದುಕೊಂಡು ಭೀಮನಬೀಡಿಗೆ ಹೋದೆ. "ಹೊಯ್ದವಳೂ ಹಾಡಿದವಳೂ ಈ ಅಜ್ಜಿ ಕಣಮ್ಮ, ನಾನಲ್ಲ" ಎಂದೆ.

"ಅದ್ಕೇನೀಗ, ಬುಡು" ಎಂದಳು ಅತ್ತೆ. ಒಲೆಯ ಪಕ್ಕದ ಕೊಡದಿಂದ ಮೊಗೆದ ಚೆಂಬು ಆಕೆಯ ಕೈಯಲ್ಲಿ ನಡುಗಿ ನೀರು ಚೆಲ್ಲಿತು. "ನಂಗಿನ್ನು ಆಗಕಿಲ್ಲ. ಇಡ್ಕೊಳ್ಳಾ. ಮೊದಲ್ನೇ ಸೊಲ್ಲಿಂದ ಏಳ್ಕೊಡ್ತೀನಿ."

ಚೆಂಬು ಹಿಡಿದೆ. ಮಗಳು ಕಲೆಯಿದ್ದ ಮುಂಗೈಯನ್ನು ಸುಮ್ಮನೆ ನನ್ನ ಮುಂದೆ ಚಾಚಿದಳು.