ಮೂರು ಮೀನಿಗೊಂದು ಜನರೇಟರ್

ಸಾವಿನ ಮನೆಗೆ ಸಲಹೆಗಳ ಕೊರತೆಯಿಲ್ಲ. ದೀಪ ಎಷ್ಟು ದಿನ ಉರಿಯಬೇಕು, ಸೀರೆಗಳನ್ನು ಯಾರಿಗೆ ಕೊಡಬೇಕು, ನಾನು ಹೊತ್ತಿಗೆ ಸರಿಯಾಗಿ ಹೇಗೆ ಉಣ್ಣಬೇಕು ಎಂದು ಬಂದವರೆಲ್ಲ ಹೇಳಿಹೋದರು. ಮೀನಿನ ತೊಟ್ಟಿಯನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ನಮ್ಮಂಥ ಮಾಂಸ ಮುಟ್ಟದ ಮನೆಯಲ್ಲಿ ಮೀನು ಸಾಕಿದರೆ, ಬಂದ ನೆಂಟರು ಅದನ್ನು ನೋಡಿಯೂ ನೋಡದವರಂತೆ ಕಾಫಿ ಕುಡಿಯುತ್ತಾರೆ.

ತೊಟ್ಟಿ ನನ್ನ ಹೆಂಡತಿ ನೀಲಾಳದು. ಮರಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಅದು, ಅದರಲ್ಲಿ ಐದು ಮೀನು. ನಾನು ಗುಬ್ಬಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೇ. ದಪ್ಪನೆಯ ಕಿತ್ತಳೆ ಬಣ್ಣದ ಮೀನಿಗೆ ಅವಳು ‘ಗುಮಾಸ್ತರು’ ಎಂದು ಹೆಸರಿಟ್ಟಿದ್ದಳು. “ಮೂಲೇಲಿ ನಿಂತ್ಕೊಂಡು ಬಾಯಿ ಬಿಡೋದು, ಮುಚ್ಚೋದು. ಮಾತೂ ಇಲ್ಲ, ಕೆಲ್ಸಾನೂ ಇಲ್ಲ. ಯಾರ ಥರ ಹೇಳ್ರೀ?” ಎನ್ನುತ್ತಿದ್ದಳು. ನಾನು ಪೇಪರಿನಿಂದ ತಲೆಯೆತ್ತಿ ಬಾಯಿ ತೆರೆದು, ಏನೂ ತೋಚದೆ ಮುಚ್ಚುತ್ತಿದ್ದೆ.

ಅವಳು ಹೋದ ಎರಡನೆಯ ತಿಂಗಳಲ್ಲಿ ಲೈನ್ ದುರಸ್ತಿಯೆಂದು ಒಂದು ದಿನ ಹಗಲೆಲ್ಲ ಕರೆಂಟ್ ತೆಗೆದರು. ಸಂಜೆ ಬಂದು ನೋಡಿದರೆ ನೀರಿಗೆ ಗಾಳಿ ಊದುವ ಪಂಪು ನಿಂತಿತ್ತು, ಎರಡು ಮೀನು ಮಗುಚಿ ತೇಲುತ್ತಿದ್ದವು. ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆ. ನೀಲಾಳನ್ನು ಮಣ್ಣು ಮಾಡಿದ ದಿನ ಎಲ್ಲವನ್ನೂ ಬೇರೆಯವರೇ ಮಾಡಿದ್ದರು. ಇಲ್ಲಿ ಗುದ್ದಲಿ ನನ್ನ ಕೈಯಲ್ಲೇ ಇತ್ತು. ಉಳಿದ ಮೂರನ್ನು ಸಾಯಗೊಡಬಾರದು ಎಂದುಕೊಂಡೆ. ಅವಳ ಕೈಯಿಂದ ಉಂಡ ಜೀವಗಳಲ್ಲಿ ಈ ಮನೆಯಲ್ಲಿ ಉಳಿದಿರುವುದು ನಾವು ನಾಲ್ವರೇ.

ಅಮೃತೂರಿನಲ್ಲಿರುವ ಅವಳ ತಂಗಿ ಗೌರಮ್ಮನಿಗೆ ಫೋನ್ ಮಾಡಿದೆ. “ಅಯ್ಯೋ, ಎರಡು ಹೋದ್ವಾ ಭಾವ? ಕರೆಂಟ್ ಹೋದಾಗ್ಲೆಲ್ಲ ಅಕ್ಕ ನಂಗೆ ಫೋನ್ ಮಾಡೋಳು. ಸ್ಪೀಕರ್‌ಗೆ ಹಾಕ್ಕೊಂಡು, ತೊಟ್ಟಿ ನೀರ್ನೇ ಚೊಂಬಲ್ಲಿ ಮೊಗೆದು ಮೇಲಿಂದ ಸುರೀತಾ ಮಾತಾಡೋಳು. ಹಂಗ್ ಸುರುದ್ರೆ ನೀರಿಗೆ ಗಾಳಿ ಸೇರ್ತದಂತೆ. ನಿಮ್ಗೆ ಗೊತ್ತಿಲ್ವಾ?” ಗೊತ್ತಿರಲಿಲ್ಲ. ರಜೆಯ ದಿನ ಒಮ್ಮೆ ಕಂಡು, “ಏನೇ, ಮೀನಿಗೂ ಅಭಿಷೇಕಾನಾ?” ಎಂದು ನಕ್ಕು, ಬೆಳಕಿರುವ ಕಡೆ ಪೇಪರ್ ಓದಲು ಹೋಗಿದ್ದೆ. “ನಿಮ್ ಕೈಲಿ ಆಗ್ದಿದ್ರೆ ತಂದು ನಮ್ಮೂರ್ ಕೆರೆಗೆ ಬುಟ್ಬುಡಿ ಭಾವ” ಎಂದಳು ಗೌರಮ್ಮ. ಗುಮಾಸ್ತರನ್ನು ಕೆರೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಜನರೇಟರ್ ತರುವುದೆಂದು ತೀರ್ಮಾನಿಸಿ ಒಂದು ವಾರ ಬಸ್ಸಿನಲ್ಲಿ ಕೂತು ಯೋಚಿಸಿದೆ. ಹೊಗೆ ಒಳಗೆ ಬರದಂತೆ ಹಿತ್ತಿಲಲ್ಲಿಡಬೇಕು. ಶಬ್ದಕ್ಕೆ ಪಕ್ಕದ ಮನೆಯವರು ಬೈಯಬಾರದು. ಪೆಟ್ರೋಲಿನದಾದರೆ ಹಗುರ, ಡೀಸೆಲ್‌ನದಾದರೆ ಗಟ್ಟಿ. ಕಡತದ ಮೇಲೆ ಬರೆಯುವ ಹಾಗೆ ಎಲ್ಲವನ್ನೂ ಪರಿಶೀಲಿಸಿ, ತುಮಕೂರಿನ ಒಂದು ಅಂಗಡಿಗೆ ಹೋದೆ.

“ಲೋಡು ಎಷ್ಟು ಸಾರ್?” ಎಂದ ಅಂಗಡಿಯವ.

“ಮೂರು ಮೀನು.”

ಅವನ ಕಣ್ಣು ನನ್ನ ಹಣೆಯ ವಿಭೂತಿಯ ಮೇಲೆ ನಿಂತಿತು. “ಮೀನಂಗ್ಡಿ ಇಟ್ಟಿದೀರಾ?”

“ಇಲ್ಲಪ್ಪ, ಸಾಕಿರೋವು.”

ಅವನು ಹೆಚ್ಚು ಕೇಳದೆ ಒಂದು ಜನರೇಟರಿನ ಹಗ್ಗ ಎರಡು ಸಲ ಜಗ್ಗಿದ. ಅಂಗಡಿಯೇ ಗಡಗಡ ನಡುಗಿತು. “ನೋಡಿ ಸಾರ್, ಎರಡೇ ಎಳ್ತ!” ಎಂದು ಕೂಗಿದ.

ನಾನೂ ಕೂಗಿಯೇ ಹೇಳಿದೆ: “ಹಗ್ಗದ್ದು ಬೇಡ, ಬಟನ್ ಇರೋದು ಕೊಡಿ. ನಮ್ಮನೆಯವ್ರಿಗೆ ಬಲಭುಜ ನೋವು. ಹಗಲೆಲ್ಲ ನಾನು ಗುಬ್ಬೀಲಿರ್ತೀನಿ, ಅವ್ರೇ ಹಾಕ್ಬೇಕಲ್ಲ.”

“ಹಂಗಾದ್ರೆ ಮೇಡಮ್ನೂ ಒಂದ್ಸಲ ಕರ್ಕೊಂಡ್ ಬನ್ನಿ ಸಾರ್. ಅವ್ರ ಕೈಲೇ ಒತ್ತಿಸಿ ನೋಡೋಣ.”

ವಾರದ ಯೋಚನೆಯಲ್ಲಿ ಹೊಗೆ, ಶಬ್ದ, ಭಾರ ಎಲ್ಲಕ್ಕೂ ಪರಿಹಾರ ಹುಡುಕಿದ್ದೆ. ಅದನ್ನು ಹಾಕುವವಳು ಇಲ್ಲವೆಂಬುದು ಮಾತ್ರ ಬಿಟ್ಟುಹೋಗಿತ್ತು. “ಅವ್ರು ತೀರ್ಕೊಂಡು ಎರಡು ತಿಂಗಳಾಯ್ತು” ಎಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಯಿತು.

ಅವನು ಯಂತ್ರ ಆರಿಸಿ ಕೈ ಒರೆಸಿಕೊಂಡ. “ಮೂರು ಮೀನಿಗೆ ಇದೆಲ್ಲ ಯಾಕೆ ಸಾರ್. ಮೀನು ಮಾರೋರ ಹತ್ರ ಬ್ಯಾಟ್ರಿ ಪಂಪ್ ಸಿಗ್ತದೆ, ಅಂಗೈಯಗಲ. ಕರೆಂಟ್ ಹೋದ ತಕ್ಷಣ ತಾನೇ ಆನ್ ಆಗ್ತದೆ. ಮನೇಲಿ ಯಾರೂ ಇರ್ಬೇಕಂತಿಲ್ಲ.”

ಅದನ್ನೇ ತಂದೆ. ಕಳೆದ ಭಾನುವಾರ ಮಧ್ಯಾಹ್ನ ಕರೆಂಟ್ ಹೋದಾಗ ಅದು ನನ್ನನ್ನು ಕೇಳದೆ ಗುರ್ ಎಂದು ಶುರುವಾಯಿತು. ನನಗೇನೂ ಕೆಲಸವಿರಲಿಲ್ಲ. ಆದರೂ ಚೊಂಬು ತಂದು, ಗೌರಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ, ನೀರು ಮೊಗೆದು ಸುರಿಯತೊಡಗಿದೆ. ನೀರಿನ ಸದ್ದು ಆ ಕಡೆಗೂ ಕೇಳಿಸಿರಬೇಕು.

“ಕರೆಂಟ್ ಹೋಯ್ತಾ ಭಾವ?” ಎಂದಳು ಗೌರಮ್ಮ. “ಏನಾದ್ರೂ ಮಾತಾಡಿ ಮತ್ತೆ. ಅಕ್ಕ ಆಗಿದ್ರೆ ಇಷ್ಟೊತ್ಗೆ ನಿಮ್ಮನ್ನ ಬಯ್ಯೋಕೆ ಶುರು ಮಾಡಿರೋಳು.”

ನಾನು ಬಾಯಿ ತೆರೆದೆ. ಗಾಜಿನಾಚೆ ಮೂಲೆಯಲ್ಲಿ ಗುಮಾಸ್ತರೂ ತೆರೆದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಇಬ್ಬರೂ ಮುಚ್ಚಿದೆವು.